‘ಮಸ್ಟ್’ ಎಂಬ ಪದವೂ ನಮ್ಮ ‘ಬೇಕು’ ಎಂಬುದೂ

ಎರಡು ವರ್ಷಗಳ ಹಿಂದೆ ನಮ್ಮ ಪ್ರಯೋಗಶಾಲೆಯಲ್ಲಿ ಒಂದು ಗ್ಯಾಲ್ವನೋಮೀಟರು ಕೆಟ್ಟಿತು. ಅದನ್ನು ನೇರವಾಗಿ ವಿದ್ಯುತ್ಕೋಶಕ್ಕೆ ಜೋಡಿಸುವ ವಿಷಯದಲ್ಲಿ ಇಂಗ್ಲಿಷ್ ಸೂಚನೆಯ ಹಾಳೆಯಲ್ಲಿ ‘ಮಸ್ಟ್ ನಾಟ್’ ಎಂಬ ಎರಡು ಪದಗಳಿದ್ದುವು. ಕನ್ನಡ ಮಾಧ್ಯಮದಲ್ಲಿ ಓದಿ ಬಂದಿದ್ದ ಜಾಣ ವಿದ್ಯಾರ್ಥಿಯೊಬ್ಬನು ‘ಮಸ್ಟ್’ ಎಂದರೆ ‘ಬೇಕು’, ‘ನಾಟ್’ ಎಂದರೆ ‘ಇಲ್ಲ’, ಎರಡೂ ಕೂಡಿದರೆ ‘ಬೇಕಿಲ್ಲ’ ಎಂದು ಲೆಕ್ಕ ಹಾಕಿದನು. ನೇರವಾಗಿ ಜೋಡಿಸಬೇಕಾಗಿಲ್ಲ, ಜೋಡಿಸಿದರೆ ಅಡ್ಡಿಯೂ ಇಲ್ಲ ಎಂದು ಅವನಿಗೆ ತೋರಿತು. ಮುಳ್ಳು ಒಂದೇ ನೆಗೆತಕ್ಕೆ ಅಂಚಿಗೆ ಬಡಿದು ಬಾಗಿಹೋಯಿತು. ನಾವು ಅವನನ್ನು ಗದರಿಸಿದೆವು. ಆದರೆ ಮನೆಗೆ ಹೋಗುವ ದಾರಿಯಲ್ಲಿ ಯೋಚಿಸಿದಾಗ ತಪ್ಪಿನ ಹೆಚ್ಚಿನ ಪಾಲು ನಮ್ಮದೇ ಎನಿಸಿತು. ‘ಮಸ್ಟ್’ ಎಂದರೆ ‘ಬೇಕು’ ಎಂದು ಕಲಿಸಿ ಅಲ್ಲಿಗೇ ಬಿಟ್ಟವರು ನಮ್ಮಂಥ ಅಧ್ಯಾಪಕರೇ ಅಲ್ಲವೆ?

‘ಮಸ್ಟ್ ನಾಟ್’ ಎಂಬುದು ನಿಷೇಧ. ಕನ್ನಡದಲ್ಲಿ ಅದು ‘ಕೂಡದು’ ಅಥವಾ ‘ಬಾರದು’. ‘ಬೇಕಾಗಿಲ್ಲ’ ಎಂಬುದಕ್ಕೆ ಇಂಗ್ಲಿಷರು ‘ನೀಡ್ ನಾಟ್’ ಎನ್ನುತ್ತಾರೆ. ‘ಮುಟ್ಟಬಾರದು’, ‘ಮುಟ್ಟಬೇಕಾಗಿಲ್ಲ’ ಎಂಬ ಮಾತುಗಳ ಅಂತರ ನಮ್ಮಲ್ಲಿ ಐದು ವರ್ಷದ ಮಗುವಿಗೂ ಗೊತ್ತು. ಪದಕ್ಕೆ ಪದವಿಟ್ಟು ತೂಗಹೊರಟಾಗ ಮಾತ್ರ ನಾವು ಎಡವುತ್ತೇವೆ. ಕನ್ನಡದಲ್ಲಿ ಕಾನೂನು ಬರೆಯುವವರು ಈ ಎಚ್ಚರವನ್ನು ಬಹಳ ಹಿಂದೆಯೇ ವಹಿಸಿದರು. ಕಡ್ಡಾಯಕ್ಕೆ ಅವರು ‘ತಕ್ಕದ್ದು’ ಎಂಬ ರೂಪವನ್ನೇ ಮೀಸಲಿಟ್ಟಿದ್ದಾರೆ. ಓದಲು ಅದು ಒಣ ಕಡ್ಡಿಯಂತಿರುವುದು ನಿಜ, ಆದರೆ ಸಂದಿಗ್ಧಕ್ಕೆ ಎಡೆಗೊಡದು.

ವಿಜ್ಞಾನದಲ್ಲಿ ‘ಮಸ್ಟ್’ ಎಂಬುದಕ್ಕೆ ಇನ್ನೊಂದು ಮುಖವುಂಟು, ಅದು ಇದಕ್ಕಿಂತ ಸೂಕ್ಷ್ಮವಾದುದು. ಅಲ್ಲಿ ಅದು ಆಜ್ಞೆಯಲ್ಲ, ಅನುಮಾನದಿಂದ ದೊರೆತ ನಿರ್ಣಯ. ಯುರೇನಸ್ ಗ್ರಹವು ಲೆಕ್ಕಕ್ಕೆ ಸರಿಯಾಗಿ ಚಲಿಸದಿದ್ದಾಗ, ಅದರಾಚೆ ಮತ್ತೊಂದು ಗ್ರಹವುಂಟೆಂದು ಫ್ರಾನ್ಸಿನ ಲವೆರಿಯೆ ಗಣಿಸಿ ತಿಳಿಸಿದನು. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನ ವೀಕ್ಷಣಾಲಯದಲ್ಲಿ ಗಾಲೆ ದೂರದರ್ಶಕವನ್ನು ತಿರುಗಿಸಿದಾಗ, ಸೂಚಿಸಿದ ಸ್ಥಾನದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ಕಂಡಿತು. ಇಂಥ ನಿರ್ಣಯವನ್ನು ‘ಅಲ್ಲೊಂದು ಗ್ರಹವಿರಬೇಕು’ ಎಂದು ಕನ್ನಡಿಸಿದರೆ ಏನಾಗುತ್ತದೆ ನೋಡಿ. ‘ಅಣ್ಣ ಬಂದಿರಬೇಕು, ಚಪ್ಪಲಿಯ ಸದ್ದಾಯಿತು’ ಎಂದು ಮನೆಯಲ್ಲಿ ಆಡುವ ಊಹೆಗೂ ಇದೇ ರೂಪ! ವರ್ಷಗಟ್ಟಲೆ ನಡೆಸಿದ ವೀಕ್ಷಣೆ, ಗಣಿತ ಎಲ್ಲವೂ ಚಪ್ಪಲಿಯ ಸದ್ದಿನ ಮಟ್ಟಕ್ಕಿಳಿಯುತ್ತವೆ. ಗಣಿತವು ಬೇರೆ ದಾರಿಯನ್ನೇ ಬಿಡದಿರುವಲ್ಲಿ ‘ಇರಲೇಬೇಕು’ ಎಂದೂ, ಊಹೆಯಿರುವಲ್ಲಿ ‘ಇರಬಹುದು’ ಎಂದೂ ಬರೆಯಬೇಕೆಂಬುದು ನಮ್ಮ ಅಭಿಪ್ರಾಯ.

ಆದರೆ ‘ಇರಲೇಬೇಕು’ ಎನ್ನುವವನು ‘ಇಂಥದು ನಿಜವಾಗಿದ್ದರೆ’ ಎಂಬ ಮಾತನ್ನೂ ಜೊತೆಗಿರಿಸಬೇಕು. ಅದೇ ಲವೆರಿಯೆ 1859ರಲ್ಲಿ ಬುಧನ ಕಕ್ಷೆಯ ಸಣ್ಣ ಹೊರಳಿಕೆಯನ್ನು ಕಂಡು, ಸೂರ್ಯನಿಗೂ ಬುಧನಿಗೂ ನಡುವೆ ಕಾಣದ ಕಾಯಗಳಿವೆಯೆಂದು ವಾದಿಸಿದನು. ವಲ್ಕನ್ ಎಂಬ ಹೆಸರೂ ಸಿದ್ಧವಾಯಿತು. ಗ್ರಹ ಮಾತ್ರ ಸಿಗಲಿಲ್ಲ. ಶತಮಾನಕ್ಕೆ ಸುಮಾರು 43 ವಿಕಲೆಗಳಷ್ಟಿದ್ದ ಆ ಹೆಚ್ಚಳಕ್ಕೆ ಹೊಸ ಗ್ರಹವೇ ಬೇಕಾಗಿಲ್ಲವೆಂದು 1915ರಲ್ಲಿ ಐನ್‌ಸ್ಟೈನ್ ತೋರಿಸಿಕೊಟ್ಟರು. ಲವೆರಿಯೆಯ ತರ್ಕದಲ್ಲಿ ‘ನ್ಯೂಟನ್ನನ ನಿಯಮ ಇಲ್ಲಿಯೂ ಪೂರ್ಣವಾಗಿ ಸರಿಯಾಗಿದ್ದರೆ’ ಎಂಬ ಷರತ್ತು ಬಾಯಿಬಿಟ್ಟು ಹೇಳದೆ ಅಡಗಿತ್ತು. ಸೋತುದು ಆ ಷರತ್ತು.

ಪರೀಕ್ಷೆಯ ಉತ್ತರಗಳಲ್ಲಿ ‘ಶಕ್ತಿಯು ಸಂರಕ್ಷಿತವಾಗಬೇಕು’ ಎಂಬ ವಾಕ್ಯವನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ. ಯಾರು ಶಕ್ತಿಗೆ ಅಪ್ಪಣೆ ಕೊಟ್ಟರು ಎಂದು ಅಂಚಿನಲ್ಲಿ ಬರೆದು ಹಿಂದಿರುಗಿಸುವುದುಂಟು. ‘ಸಂರಕ್ಷಿತವಾಗುತ್ತದೆ’ ಎಂದರೆ ಸಾಕು. ಗ್ಯಾಲ್ವನೋಮೀಟರಿನ ಮೇಜಿನ ಮೇಲೆ ಈಗ ಕನ್ನಡದ ಫಲಕವೊಂದನ್ನು ಇರಿಸಿದ್ದೇವೆ: ‘ಕೋಶಕ್ಕೆ ನೇರವಾಗಿ ಜೋಡಿಸಕೂಡದು, ದೊಡ್ಡ ರೋಧವನ್ನು ಸರಣಿಯಲ್ಲಿ ಸೇರಿಸತಕ್ಕದ್ದು.’ ಅದನ್ನು ದುಂಡಗಿನ ಅಕ್ಷರಗಳಲ್ಲಿ ಬರೆದುಕೊಟ್ಟವನು ಅಂದು ನಮ್ಮಿಂದ ಗದರಿಸಿಕೊಂಡ ಆ ಹುಡುಗನೇ.