ಶಾಲೆಗೆ ರಜೆ, ಹಸಿವಿಗಿಲ್ಲ

ಡಿಸೆಂಬರ್ ಬಂತೆಂದರೆ ಇಂಗ್ಲೆಂಡಿನ ಊರೂರಿನ ಕೌನ್ಸಿಲ್‌ಗಳಲ್ಲಿ ಒಂದೇ ಜಗಳ. ಪೇಟೆ ಬೀದಿಗೆ ದೀಪ ಹಾಕಿಸಬೇಕೋ ಬೇಡವೋ, ಚೌಕದ ಕ್ರಿಸ್ಮಸ್ ಮರಕ್ಕೆ ಎಷ್ಟು ಖರ್ಚು, ಹೋದ ವರ್ಷಕ್ಕಿಂತ ಈ ವರ್ಷದ ಮರ ಯಾಕೆ ಗಿಡ್ಡ, ಹಬ್ಬದ ವಾರದಲ್ಲಿ ಕಸದ ಲಾರಿ ಯಾವ ದಿನ ಬರುತ್ತದೆ. ದೀಪದ ಪರವೂ ವಿರುದ್ಧವೂ ಆವೇಶದ ಪತ್ರಗಳು ಸ್ಥಳೀಯ ಪತ್ರಿಕೆಗಳನ್ನು ತುಂಬುತ್ತವೆ. ನಾನು ದೀಪದ ವಿರೋಧಿಯಲ್ಲ. ಸಂಜೆ ನಾಲ್ಕಕ್ಕೇ ಕತ್ತಲಾಗುವ ನಾಡಿನಲ್ಲಿ ಬೀದಿಗೆ ನಾಲ್ಕು ಬಣ್ಣದ ಬಲ್ಬು ಹಾಕುವುದು ದುಂದುವೆಚ್ಚವೆಂದು ಯಾರಾದರೂ ಹೇಳಿದರೆ ಒಪ್ಪಲಾರೆ. ಆದರೆ ಕೌನ್ಸಿಲ್ ಸಭೆಗಳಲ್ಲಿ ಗಂಟೆಗಟ್ಟಲೆ ಮಾತಾಗಬೇಕಾದ ವಿಷಯ ಬೇರೆಯೇ ಇದೆ. ಶಾಲೆ ಮುಚ್ಚಿರುವ ಆ ಎರಡು ವಾರ ಬಡ ಮನೆಯ ಮಕ್ಕಳ ಮಧ್ಯಾಹ್ನದ ಊಟ ಯಾರ ಹೊಣೆ?

ಶಾಲೆ ನಡೆಯುವ ದಿನಗಳಲ್ಲಿ ಉತ್ತರ ಸ್ಪಷ್ಟವಾಗಿದೆ. ಅರ್ಹ ಮಗುವಿಗೆ ಉಚಿತ ಊಟ ಕೊಡುವುದು ಕಾನೂನಿನ ಕಡ್ಡಾಯ. 2025ರ ಜನವರಿಯ ಸರ್ಕಾರಿ ಲೆಕ್ಕದಲ್ಲಿ ಇಂಗ್ಲೆಂಡಿನ ಶಾಲಾಮಕ್ಕಳಲ್ಲಿ ನೂರಕ್ಕೆ 25.7 ಮಂದಿ, ಅಂದರೆ ಸುಮಾರು 22 ಲಕ್ಷ ಮಕ್ಕಳು, ಈ ಊಟಕ್ಕೆ ಅರ್ಹರಾಗಿದ್ದರು. ನಾಲ್ವರಲ್ಲಿ ಒಬ್ಬರು. ಡಿಸೆಂಬರ್ ಇಪ್ಪತ್ತರ ಸುಮಾರಿಗೆ ಶಾಲೆಯ ಗೇಟು ಮುಚ್ಚುತ್ತದೆ, ಅದರ ಜೊತೆ ಆ ಕಡ್ಡಾಯವೂ ಮುಗಿಯುತ್ತದೆ. ಮಗುವಿನ ಜೀವಕ್ಕೇ ಅಪಾಯವೆನ್ನುವ ಹಂತ ಬಂದರೆ ಮಕ್ಕಳ ರಕ್ಷಣೆಯ ಕಾನೂನು ಬಾಗಿಲು ತಟ್ಟುತ್ತದೆ, ನಿಜ. ಅಲ್ಲಿಯವರೆಗಿನ ಸಾದಾ ಹಸಿವಿಗೆ, ಮಧ್ಯಾಹ್ನ ಒಂದು ಪೊಟ್ಟಣ ಚಿಪ್ಸ್ ತಿಂದು ನೀರು ಕುಡಿಯುವ ಹಸಿವಿಗೆ, ಯಾರೂ ಉತ್ತರದಾಯಿಯಲ್ಲ.

ಯೋಜನೆ ಇದೆಯಲ್ಲ ಎನ್ನುತ್ತಾರೆ. ಇದೆ. ರಜಾ ಚಟುವಟಿಕೆ ಮತ್ತು ಆಹಾರ ಯೋಜನೆ ಎಂದು ಅದರ ಹೆಸರು. ಕೇಂದ್ರ ಶಿಕ್ಷಣ ಇಲಾಖೆ ಹಣ ಕೊಡುತ್ತದೆ, ಕೌನ್ಸಿಲ್‌ಗಳು ಕ್ರೀಡಾ ಕ್ಲಬ್ಬು, ಚರ್ಚು, ಶಾಲೆಗಳ ಮೂಲಕ ನಡೆಸುತ್ತವೆ. ಮಕ್ಕಳು ಆಡುತ್ತಾರೆ, ಕೂತು ಬಿಸಿ ಊಟ ಮಾಡುತ್ತಾರೆ. ಒಳ್ಳೆಯ ಕೆಲಸ, ಅದನ್ನು ನಡೆಸುವವರಿಗೆ ಕೈಮುಗಿಯುತ್ತೇನೆ. ಆದರೆ ಕ್ರಿಸ್ಮಸ್ ರಜೆಗೆ ಅದು ಕೊಡುವುದು ನಾಲ್ಕು ದಿನ, ದಿನಕ್ಕೆ ನಾಲ್ಕು ಗಂಟೆ. ಬೇಸಿಗೆಯಲ್ಲಿ ನಾಲ್ಕು ವಾರ, ಈಸ್ಟರ್‌ಗೆ ಒಂದು ವಾರ, ಕ್ರಿಸ್ಮಸ್‌ಗೆ ಒಂದು ವಾರ. ಅಕ್ಟೋಬರ್, ಫೆಬ್ರುವರಿಯ ಅರ್ಧಾವಧಿ ರಜೆಗಳು ಲೆಕ್ಕಕ್ಕೇ ಇಲ್ಲ. ಕ್ಲಬ್ಬು ಮನೆಯಿಂದ ಎರಡು ಬಸ್ಸಿನಷ್ಟು ದೂರವಿದ್ದರೆ ಏಳು ವರ್ಷದ ಮಗು ಹೋಗುವುದು ಹೇಗೆ? ಅಂಗಡಿಯಲ್ಲೋ ಆಸ್ಪತ್ರೆಯಲ್ಲೋ ಪಾಳಿಯ ಕೆಲಸ ಮಾಡುವ ತಾಯಿ ಯಾವ ಹೊತ್ತಿಗೆ ಬಿಟ್ಟು ಯಾವ ಹೊತ್ತಿಗೆ ಕರೆತರಬೇಕು? ಎಲ್ಲಕ್ಕಿಂತ ಮುಖ್ಯವಾಗಿ, ಇದು ಅನುದಾನ. ಸಚಿವಾಲಯ ಕೊಟ್ಟರೆ ಉಂಟು, ನಿಲ್ಲಿಸಿದರೆ ಇಲ್ಲ. ಮಗುವಿಗೆ ಇದರ ಮೇಲೆ ಹಕ್ಕಿಲ್ಲ.

ಈ ಯೋಜನೆ ದೇಶವಿಡೀ ಹರಡಿದ ಕಥೆಯನ್ನೂ ಮರೆಯಬಾರದು. 2020ರ ಅಕ್ಟೋಬರ್ 21ರಂದು, ಕೋವಿಡ್ ನಡುವೆ, ರಜೆಯಲ್ಲೂ ಊಟದ ವೋಚರ್ ಮುಂದುವರಿಸಬೇಕೆಂಬ ಗೊತ್ತುವಳಿಯನ್ನು ಬ್ರಿಟನ್ನಿನ ಸಂಸತ್ತು 322ಕ್ಕೆ 261 ಮತಗಳಿಂದ ತಳ್ಳಿಹಾಕಿತು. ಅದರ ಹಿಂದಿನ ಒತ್ತಾಯ ಮಾರ್ಕಸ್ ರ್‍ಯಾಶ್‌ಫರ್ಡ್ ಎಂಬ ಇಪ್ಪತ್ತೆರಡರ ಫುಟ್‌ಬಾಲ್ ಆಟಗಾರನದು, ಬಾಲ್ಯದಲ್ಲಿ ತಾನೇ ಶಾಲೆಯ ಉಚಿತ ಊಟ ಉಂಡು ಬೆಳೆದವನದು. ಮತದಾನದಲ್ಲಿ ಸೋತ ಮೇಲೆ ಏನಾಯಿತು? ಬೀದಿಬದಿಯ ಕೆಫೆಗಳು, ಚಿಪ್ಸ್ ಅಂಗಡಿಗಳು, ಆಳುವ ಪಕ್ಷದ ಹಿಡಿತದಲ್ಲೇ ಇದ್ದ ಕೆಲವು ಕೌನ್ಸಿಲ್‌ಗಳು ಕೂಡ ಮಕ್ಕಳಿಗೆ ನಾವು ಕೊಡುತ್ತೇವೆಂದು ಮುಂದೆ ಬಂದವು. ಮೂರು ವಾರ ತುಂಬುವ ಮೊದಲೇ, ನವೆಂಬರ್ 8ರಂದು, ಸರ್ಕಾರ ಮಣಿಯಿತು. ಚಳಿಗಾಲದ ನೆರವಿಗೆ 17 ಕೋಟಿ ಪೌಂಡು ಕೌನ್ಸಿಲ್‌ಗಳಿಗೆ ಬಂತು, ರಜಾ ಯೋಜನೆ ಎಲ್ಲ ಕಡೆಗೂ ವಿಸ್ತರಿಸಿತು. ಜನಪ್ರಿಯ ಆಟಗಾರನೊಬ್ಬ ದನಿ ಎತ್ತಿದ್ದಕ್ಕೆ ಮಕ್ಕಳಿಗೆ ಊಟ ಸಿಕ್ಕಿತು. ಮುಂದಿನ ಸಲ ಅಂಥವನೊಬ್ಬ ಸಿಗದಿದ್ದರೆ?

ಇದು ಹೊಸ ಪ್ರಶ್ನೆಯೇ ಅಲ್ಲ ಎನ್ನುವುದು ನನ್ನನ್ನು ಹೆಚ್ಚು ಕೆರಳಿಸುವ ಸಂಗತಿ. 1906ರ ಕಾಯ್ದೆ ಮೊದಲ ಬಾರಿಗೆ ಕೌನ್ಸಿಲ್‌ಗಳಿಗೆ ಶಾಲಾಮಕ್ಕಳಿಗೆ ಊಟ ಹಾಕಲು ಅನುಮತಿ ಕೊಟ್ಟಿತು. ಉಣ್ಣೆ ಗಿರಣಿಗಳ ಊರು ಬ್ರ್ಯಾಡ್‌ಫರ್ಡ್ ತಕ್ಷಣ ಅದನ್ನು ಬಳಸಿಕೊಂಡಿತು. 1907ರಲ್ಲಿ ಅಲ್ಲಿನ ಶಾಲಾ ವೈದ್ಯ ರಾಲ್ಫ್ ಕ್ರೌಲಿ ಸುಮಾರು 40 ಬಡ ಮಕ್ಕಳಿಗೆ ಏಪ್ರಿಲ್‌ನಿಂದ ಜುಲೈವರೆಗೆ ಊಟ ಕೊಡಿಸಿ, ಅವರನ್ನು ತೂಗಿ ತೂಗಿ ಬರೆದಿಟ್ಟ. ತೂಕ ಏರುತ್ತ ಹೋಯಿತು. ನಡುವೆ ವಿಟ್ಸನ್ ಹಬ್ಬದ ರಜೆ ಬಂತು, ಊಟ ನಿಂತಿತು, ಏರುತ್ತಿದ್ದ ರೇಖೆ ಕೆಳಗಿಳಿಯಿತು. ಶಾಲೆ ಮತ್ತೆ ತೆರೆದಾಗ ಮತ್ತೆ ಏರಿತು. ರಜೆಯೆಂದರೆ ಬಡ ಮಗುವಿನ ಮೈಗೆ ಏನು ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕೇ? 1914ರ ಕಾಯ್ದೆ ರಜಾ ದಿನಗಳಲ್ಲೂ ಊಟ ಕೊಡಲು ಕೌನ್ಸಿಲ್‌ಗಳಿಗೆ ಅವಕಾಶ ಕೊಟ್ಟಿತು. 1944ರ ಶಿಕ್ಷಣ ಕಾಯ್ದೆ ಶಾಲಾ ದಿನದ ಊಟವನ್ನು ಕರ್ತವ್ಯವಾಗಿಸಿತು. ರಜೆಯ ಊಟ ಮಾತ್ರ ನೂರು ವರ್ಷ ದಾಟಿದರೂ ಅನುಮತಿಯ ಹಂತದಲ್ಲೇ ನಿಂತಿದೆ.

ಅನುಮತಿಗೂ ಕರ್ತವ್ಯಕ್ಕೂ ಎಷ್ಟು ಅಂತರ ಎಂಬುದು ಕೌನ್ಸಿಲ್‌ನ ಖಜಾನೆ ಬತ್ತಿದಾಗ ತಿಳಿಯುತ್ತದೆ. 1988ರ ಸ್ಥಳೀಯ ಹಣಕಾಸು ಕಾಯ್ದೆಯ 114ನೇ ಸೆಕ್ಷನ್ ಪ್ರಕಾರ, ವರ್ಷದ ಖರ್ಚು ವರಮಾನವನ್ನು ಮೀರುವ ಸಂಭವ ಕಂಡಾಗ ಕೌನ್ಸಿಲ್‌ನ ಹಣಕಾಸು ಅಧಿಕಾರಿ ನೋಟಿಸು ಹೊರಡಿಸಬೇಕು. ಆ ಬಳಿಕ ಕಾನೂನು ಕಡ್ಡಾಯ ಮಾಡಿದ ಕೆಲಸಗಳು ನಡೆಯುತ್ತವೆ, ಉಳಿದ ಯಾವುದಕ್ಕೂ ಹೊಸದಾಗಿ ಕಾಸು ಬಿಚ್ಚುವಂತಿಲ್ಲ. ಇಂಥ ನೋಟಿಸು ಹೊರಡಿಸಿದ ಕೌನ್ಸಿಲ್‌ಗಳನ್ನು ನೋಡಿ: 2018ರಲ್ಲಿ ನಾರ್ಥಾಂಪ್ಟನ್‌ಶೈರ್, 2020ರಲ್ಲಿ ಕ್ರಾಯ್ಡನ್, 2021ರಲ್ಲಿ ಸ್ಲೌ, 2022ರಲ್ಲಿ ಥರಕ್, 2023ರಲ್ಲಿ ವೋಕಿಂಗ್. ಅದೇ ವರ್ಷ ಸೆಪ್ಟೆಂಬರ್ 5ರಂದು ಬರ್ಮಿಂಗ್‌ಹ್ಯಾಮ್, ನವೆಂಬರ್ 29ರಂದು, ಕ್ರಿಸ್ಮಸ್‌ಗೆ ನಾಲ್ಕು ವಾರವೂ ಇಲ್ಲದಾಗ, ನಾಟಿಂಗ್‌ಹ್ಯಾಮ್.

ಬರ್ಮಿಂಗ್‌ಹ್ಯಾಮಿನಲ್ಲಿ ಮುಂದೆ ಆದದ್ದನ್ನು ನೋಡಿ. ಹೆಂಗಸರಿಗೆ ಸಮಾನ ವೇತನ ಕೊಡದೆ ವರ್ಷಗಟ್ಟಲೆ ಬೆಳೆಸಿಕೊಂಡ ಬಾಕಿ, ಕೈಕೊಟ್ಟ ಕಂಪ್ಯೂಟರ್ ವ್ಯವಸ್ಥೆ, ದಶಕದಿಂದ ಲಂಡನ್ ಕತ್ತರಿಸುತ್ತ ಬಂದ ಅನುದಾನ ಎಲ್ಲವೂ ಸೇರಿ ನಗರ ಕುಸಿಯಿತು. ಎರಡು ವರ್ಷದಲ್ಲಿ 30 ಕೋಟಿ ಪೌಂಡಿನಷ್ಟು ಕಡಿತಕ್ಕೆ ಕೈಹಾಕಿದರು. ಕೌನ್ಸಿಲ್ ತೆರಿಗೆ 2024ರಲ್ಲಿ 9.99, ಮರುವರ್ಷ 7.49 ಶೇಕಡ ಏರಿತು. ಕಸ ಒಯ್ಯುವ ಕಾರ್ಮಿಕರ ಒಂದು ಹುದ್ದೆಯನ್ನೇ ತೆಗೆದುಹಾಕಲು ಹೊರಟಾಗ ಅವರು 2025ರ ಮಾರ್ಚ್ 11ರಿಂದ ಅನಿರ್ದಿಷ್ಟ ಮುಷ್ಕರ ಹೂಡಿದರು. ಕಸದ ಚೀಲಗಳು ಬೀದಿಯಲ್ಲಿ ಗುಡ್ಡೆಯಾದವು. ಆ ವರ್ಷದ ಕ್ರಿಸ್ಮಸ್ ಬಂದರೂ ಜಗಳ ಬಗೆಹರಿದಿರಲಿಲ್ಲ. ಕಸ ಬೀದಿಯಲ್ಲಿ ಬಿದ್ದರೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಟೀವಿ ಕ್ಯಾಮೆರಾ ಬರುತ್ತದೆ. ಯುವಕ ಕೇಂದ್ರದ ಬಾಗಿಲು ಮುಚ್ಚಿದರೆ, ಬಡಾವಣೆಯ ಗ್ರಂಥಾಲಯದ ವೇಳೆ ಅರ್ಧವಾದರೆ, ರಜೆಯ ಊಟದ ಕೂಪನ್ನಿನ ಮೊತ್ತ ಇಳಿದರೆ ಯಾವ ಕ್ಯಾಮೆರಾವೂ ಬರುವುದಿಲ್ಲ.

ಗ್ರಂಥಾಲಯದ ಮಾತು ಬಂದದ್ದರಿಂದ ನಾರ್ಥಾಂಪ್ಟನ್‌ಶೈರಿನ ಸಂಗತಿ ಹೇಳಬೇಕು. ದಿವಾಳಿಯೆದ್ದ ಆ ಕೌಂಟಿ ಕೌನ್ಸಿಲ್ 21 ಗ್ರಂಥಾಲಯಗಳನ್ನು ಮುಚ್ಚಲು ಹೊರಟಿತು. ಊರಿನವರು ಹೈಕೋರ್ಟಿಗೆ ಹೋದರು. 2018ರ ಆಗಸ್ಟ್‌ನಲ್ಲಿ ನ್ಯಾಯಾಲಯ ಆ ನಿರ್ಧಾರ ಕಾನೂನುಬಾಹಿರವೆಂದಿತು. ಗ್ರಂಥಾಲಯ ಸೇವೆ ಕೊಡುವುದು 1964ರ ಕಾಯ್ದೆಯ ಪ್ರಕಾರ ಕೌನ್ಸಿಲ್‌ನ ಕರ್ತವ್ಯ; ಆದ್ದರಿಂದಲೇ ಜನರ ಕೈಯಲ್ಲಿ ಹಿಡಿಯಲು ಒಂದು ಕೋಲಿತ್ತು. ಅಂಥ ಕಾಯ್ದೆ ಇದ್ದೂ ಎಷ್ಟೋ ಊರುಗಳಲ್ಲಿ ಗ್ರಂಥಾಲಯಗಳು ಸೊರಗಿವೆ. ಹಾಗಿದ್ದರೆ ಯಾವ ಕಾಯ್ದೆಯ ಬೆಂಬಲವೂ ಇಲ್ಲದ ರಜೆಯ ಊಟದ ಗತಿ ಏನು? ಕೂಪನ್ ಸಿಗದ ತಾಯಿ ಯಾವ ಕೋರ್ಟಿನ ಮೆಟ್ಟಿಲು ಹತ್ತಬೇಕು?

ತುರ್ತು ನೆರವಿನ ಹಣದ ಕಥೆಯೂ ಇಷ್ಟೇ. ಹಿಂದೆ ಕೈಯಲ್ಲಿ ಕಾಸಿಲ್ಲದ ಕುಟುಂಬಕ್ಕೆ ಕೇಂದ್ರ ಸರ್ಕಾರದಿಂದ ತುರ್ತು ಸಾಲ ಸಿಗುತ್ತಿತ್ತು. 2013ರ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿ, ನೀವೇ ನೋಡಿಕೊಳ್ಳಿ ಎಂದು ಕೌನ್ಸಿಲ್‌ಗಳ ತಲೆಗೆ ಕಟ್ಟಿದರು. ಜೊತೆಗೆ ಕೊಟ್ಟ ಹಣವನ್ನು ಇದಕ್ಕೇ ಖರ್ಚು ಮಾಡಬೇಕೆಂಬ ನಿರ್ಬಂಧವಿರಲಿಲ್ಲ. ಎಷ್ಟೋ ಕಡೆ ಆ ನೆರವು ಮಾಯವಾಯಿತು. 2021ರಲ್ಲಿ ಮನೆವಾರ್ತೆ ನೆರವು ನಿಧಿ ಬಂತು, ಅದರಿಂದಲೇ ಅನೇಕ ಕೌನ್ಸಿಲ್‌ಗಳು ಕ್ರಿಸ್ಮಸ್ ರಜೆಯ ಊಟದ ವೋಚರ್ ಕೊಟ್ಟವು. ಆದರೆ ಅದೂ ಆರು ತಿಂಗಳು, ಒಂದು ವರ್ಷ ಎಂದು ಎಳೆದಾಡಿಕೊಂಡೇ ನಡೆಯಿತು. 2024ರ ಮಾರ್ಚ್ 31ಕ್ಕೆ ಮುಗಿಯಬೇಕಿದ್ದುದನ್ನು ಮುಂದುವರಿಸುತ್ತೇವೆಂದು ಹೇಳಿದ್ದು ಮಾರ್ಚ್ 6ರಂದು. ಇಪ್ಪತ್ತೈದು ದಿನ ಮುಂಚೆ. ಹೀಗೆ ನಡೆಸಿದರೆ ಯಾವ ಅಧಿಕಾರಿ ಸಿಬ್ಬಂದಿ ನೇಮಿಸಿಕೊಂಡಾನು, ಯಾವ ಅಡುಗೆಮನೆಯ ಜೊತೆ ಒಪ್ಪಂದ ಮಾಡಿಕೊಂಡಾನು? ಈಗಿನ ಸರ್ಕಾರ ಇದರ ಜಾಗದಲ್ಲಿ ಹಲವು ವರ್ಷಗಳ ನಿಧಿಯೊಂದನ್ನು 2025ರ ಜೂನ್‌ನಲ್ಲಿ ಘೋಷಿಸಿತು. ಅದು ಸುಧಾರಣೆಯೇ. ಆದರೂ ನಿಧಿ ನಿಧಿಯೇ, ಹಕ್ಕು ಹಕ್ಕೇ.

ಎದುರು ವಾದ ಗೊತ್ತಿದೆ. ಮಕ್ಕಳನ್ನು ಹುಟ್ಟಿಸಿದವರು ಊಟ ಹಾಕಬೇಕು, ಸರ್ಕಾರವಲ್ಲ. ಹಾಗಾದರೆ ಶಾಲೆ ನಡೆಯುವ ದಿನ ಯಾಕೆ ಹಾಕುತ್ತೀರಿ? ಸೋಮವಾರ ಸರ್ಕಾರ ಬಡತನವನ್ನು ಒಪ್ಪಿಕೊಂಡು ತಟ್ಟೆ ಇಡುವುದು, ರಜೆ ಬಂದ ಸೋಮವಾರ ಅದೇ ಮನೆಯ ತಂದೆತಾಯಿಗೆ ಜವಾಬ್ದಾರಿಯ ಪಾಠ ಹೇಳುವುದು ಯಾವ ನ್ಯಾಯ? ಡಿಸೆಂಬರ್‌ನಲ್ಲಿ ಸಂಬಳ ಹೆಚ್ಚಾಗುವುದಿಲ್ಲ. ಹೆಚ್ಚಾಗುವುದು ಗ್ಯಾಸಿನ ಬಿಲ್ಲು. ಶಾಲೆ ಬೆಚ್ಚಗಿಡುತ್ತಿದ್ದ ಮಕ್ಕಳನ್ನು ಈಗ ಇಡೀ ದಿನ ಮನೆಯಲ್ಲೇ ಬೆಚ್ಚಗಿಡಬೇಕು.

ದಾನಿಗಳಿದ್ದಾರಲ್ಲ ಎನ್ನುವವರಿಗೂ ಒಂದು ಮಾತು. ಟ್ರಸ್ಸೆಲ್ ಸಂಸ್ಥೆಯ ಫುಡ್ ಬ್ಯಾಂಕುಗಳು 2024-25ರಲ್ಲಿ ಬ್ರಿಟನ್ನಿನಾದ್ಯಂತ ಸುಮಾರು 29 ಲಕ್ಷ ಆಹಾರದ ಪೊಟ್ಟಣ ಹಂಚಿದವು. ಚರ್ಚುಗಳ ಸಭಾಂಗಣಗಳಲ್ಲಿ, ಗುರುದ್ವಾರಗಳ ಲಂಗರಿನಲ್ಲಿ ಎಣೆಯಿಲ್ಲದ ಸೇವೆ ನಡೆಯುತ್ತದೆ. ಆ ಸೇವಕರಿಗೂ ಮನೆ ಮಕ್ಕಳಿದ್ದಾರೆ, ಅವರಿಗೂ ಹಬ್ಬವಿದೆ. ಎಷ್ಟೋ ಕಡೆ ಕೌನ್ಸಿಲ್ ಕಚೇರಿ ಡಿಸೆಂಬರ್ 24ರ ಮಧ್ಯಾಹ್ನ ಬೀಗ ಹಾಕಿಕೊಂಡು ಹೊಸ ವರ್ಷ ಕಳೆದ ಮೇಲೆ ತೆರೆಯುತ್ತದೆ, ನಡುವೆ ತುರ್ತು ಕರೆಗೊಂದು ನಂಬರು ಮಾತ್ರ. ಆ ಒಂದು ವಾರ ಇಡೀ ಊರಿನ ಹೊಣೆಯನ್ನು ಸಂಬಳವಿಲ್ಲದ ಸ್ವಯಂಸೇವಕರ ಹೆಗಲಿಗೆ ಬಿಟ್ಟು, ಅದನ್ನೇ ಸಮುದಾಯದ ಶಕ್ತಿಯೆಂದು ಹೊಗಳುವುದನ್ನು ನಾನು ಒಪ್ಪುವುದಿಲ್ಲ.

ಇದರಲ್ಲಿ ಕನ್ನಡಿಗರಿಗೇನು ಎಂದು ಕೇಳುವವರಿದ್ದಾರೆ. ಕೆಲಸದ ವೀಸಾದ ಮೇಲೆ, ಆರೈಕೆ ಕೆಲಸದ ವೀಸಾದ ಮೇಲೆ ಇಲ್ಲಿಗೆ ಬಂದ ನಮ್ಮವರ ಕಾಗದದಲ್ಲಿ ಸಾರ್ವಜನಿಕ ನೆರವಿಗೆ ಅರ್ಹರಲ್ಲ ಎಂಬ ಷರತ್ತು ಇರುತ್ತದೆ. ಕೌನ್ಸಿಲ್ ತೆರಿಗೆಗೆ ಮಾತ್ರ ಆ ಷರತ್ತಿಲ್ಲ, ಅದನ್ನು ಎಲ್ಲರಂತೆ ಕಟ್ಟುತ್ತಾರೆ. ಅಂಥ ಮನೆಗಳ ಮಕ್ಕಳಿಗೆ, ಆದಾಯದ ಮಿತಿಯೊಳಗಿದ್ದರೆ, ಶಾಲೆಯ ಉಚಿತ ಊಟ ಶಾಶ್ವತವಾಗಿ ಸಿಕ್ಕಿದ್ದು 2022ರಲ್ಲಷ್ಟೆ. ಪಾಳಿ ಕಡಿತವಾದ ತಿಂಗಳು ಇವರಿಗೆ ಬೇರೆ ಆಸರೆಯಿಲ್ಲ. ಊರಿನಿಂದ ಫೋನ್ ಬಂದರೆ ಎಲ್ಲ ಚೆನ್ನಾಗಿದೆ ಎನ್ನುವವರೇ ಇವರು. ತೆರಿಗೆಯ ಅನ್ಯಾಯ ಇನ್ನೂ ದೊಡ್ಡದು: ಇಂಗ್ಲೆಂಡಿನಲ್ಲಿ ಮನೆಗಳ ಮೌಲ್ಯವನ್ನು ಇಂದಿಗೂ 1991ರ ಲೆಕ್ಕದಲ್ಲೇ ಹಿಡಿಯುತ್ತಾರೆ. ಒಂದೇ ದರ್ಜೆಯ ಮನೆಗೆ ಶ್ರೀಮಂತ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಕಟ್ಟುವ ತೆರಿಗೆ ಬಡ ನಾಟಿಂಗ್‌ಹ್ಯಾಮಿನಲ್ಲಿ ಕಟ್ಟುವುದರ ಅರ್ಧಕ್ಕಿಂತ ಕಡಿಮೆ. ಹೆಚ್ಚು ಕಟ್ಟುವ ಊರಿನ ಮಕ್ಕಳಿಗೇ ಸೇವೆ ಕಡಿಮೆ.

ನಾವು ಬಂದ ನಾಡು ಈ ವಿಷಯದಲ್ಲಿ ಒಂದು ದಾರಿ ನೋಡಿದೆ. 2001ರ ನವೆಂಬರ್ 28ರಂದು ಭಾರತದ ಸುಪ್ರೀಂ ಕೋರ್ಟ್ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ಆದೇಶಿಸಿತು. 2004ರ ಏಪ್ರಿಲ್‌ನಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು, ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಕೊಡಬೇಕೆಂದಿತು. ಅದರಂತೆ ಕರ್ನಾಟಕದಲ್ಲಿ ಬರದ ವರ್ಷಗಳಲ್ಲಿ ರಜೆಯಲ್ಲೂ ಅಕ್ಷರ ದಾಸೋಹದ ಒಲೆ ಉರಿದಿದೆ. 2024ರ ಬೇಸಿಗೆಯಲ್ಲಿ ಬರ ಘೋಷಿಸಿದ 223 ತಾಲ್ಲೂಕುಗಳಲ್ಲಿ ಬಿಸಿಯೂಟ ಮುಂದುವರಿಯಿತು. ಎಲ್ಲ ಮಕ್ಕಳೂ ಬಂದರೆಂದೋ, ಎಲ್ಲ ಕಡೆ ಸಾರು ರುಚಿಯಾಗಿತ್ತೆಂದೋ ನಾನು ಹೇಳುತ್ತಿಲ್ಲ. ಅಡುಗೆಯ ಅಮ್ಮಂದಿರಿಗೆ ಕೊಡುವ ಗೌರವಧನ ನಾಚಿಕೆಗೇಡು. ಆದರೆ ರಜೆಯಲ್ಲೂ ಹಸಿವಿರುತ್ತದೆ, ಅದಕ್ಕೆ ಸರ್ಕಾರ ಉತ್ತರ ಹೇಳಬೇಕು ಎಂಬ ತತ್ವವನ್ನು ಅಲ್ಲಿ ನ್ಯಾಯಾಲಯವೇ ಎತ್ತಿಹಿಡಿದಿದೆ. ತಲಾ ಆದಾಯದಲ್ಲಿ ನಮಗಿಂತ ಎಷ್ಟೋ ಪಟ್ಟು ಸಿರಿವಂತವಾದ ಈ ದೇಶ ಅದನ್ನು ಮಾಡಲಾರದೇ?

ಇನ್ನೊಂದು ಹೊರೆ ನಮ್ಮ ಮೇಲೆ ಹಾಕಬೇಡಿ ಎಂದು ಕೌನ್ಸಿಲರುಗಳು ಹೆದರುವುದು ಸಹಜ. ವೃದ್ಧರ ಆರೈಕೆ, ಮಕ್ಕಳ ರಕ್ಷಣೆ, ಮನೆಯಿಲ್ಲದವರಿಗೆ ತಾತ್ಕಾಲಿಕ ವಸತಿ ಈಗಾಗಲೇ ಅವರ ಬಜೆಟ್ಟನ್ನು ನುಂಗುತ್ತಿವೆ. ಆದರೆ ಕೇಂದ್ರ ಸರ್ಕಾರ ಕೌನ್ಸಿಲ್‌ಗಳ ಮೇಲೆ ಹೊಸ ಕರ್ತವ್ಯ ಹೇರಿದರೆ ಅದರ ಖರ್ಚನ್ನೂ ತಾನೇ ಭರಿಸಬೇಕೆಂಬ ನೀತಿ ಬ್ರಿಟನ್ನಿನಲ್ಲಿ ಇದ್ದೇ ಇದೆ. ಐಚ್ಛಿಕ ಕೆಲಸಕ್ಕೆ ಆ ರಕ್ಷಣೆಯಿಲ್ಲ. ಅಂದರೆ ಹೊರೆಯಾಗಿರುವುದು ಈಗಿನ ವ್ಯವಸ್ಥೆಯೇ. ಶಾಲಾ ಊಟದ ಕಾನೂನಿಗೆ ರಜಾ ದಿನಗಳನ್ನೂ ಸೇರಿಸಿ, ಖರ್ಚನ್ನು ಶಿಕ್ಷಣ ಇಲಾಖೆಯ ಲೆಕ್ಕಕ್ಕೆ ಬರೆದರೆ, ಕೌನ್ಸಿಲರುಗಳು ಪ್ರತಿ ಚಳಿಗಾಲ ವೋಚರಿಗಾಗಿ ಲಂಡನ್ನಿನ ಕಡೆ ಕೈಚಾಚಿ ಕೂರಬೇಕಾಗಿಲ್ಲ.

ಮಾರ್ಚ್ 11ರೊಳಗೆ ಪ್ರತಿ ಕೌನ್ಸಿಲ್ ಮುಂದಿನ ವರ್ಷದ ಬಜೆಟ್ ಮಾಡಿ ಮುಗಿಸಬೇಕು. ಅದಕ್ಕಾಗಿ ಹೆಚ್ಚಿನ ಕೌನ್ಸಿಲ್‌ಗಳು ಜನರ ಅಭಿಪ್ರಾಯ ಕೇಳುವುದು ಇದೇ ಚಳಿಗಾಲದಲ್ಲಿ, ನಾವು ಹಬ್ಬದ ಓಡಾಟದಲ್ಲಿದ್ದಾಗ. ಅಭಿಪ್ರಾಯ ಬರೆಯುವ ನಮೂನೆ ಗ್ರಂಥಾಲಯದಲ್ಲೋ ಕೌನ್ಸಿಲ್ ಕಚೇರಿಯಲ್ಲೋ ಸಿಗುತ್ತದೆ, ತುಂಬಲು ಹತ್ತು ನಿಮಿಷ ಸಾಕು. ನಮ್ಮ ಕನ್ನಡ ಬಳಗಗಳು ರಾಜ್ಯೋತ್ಸವಕ್ಕೆ ಮೇಯರನ್ನೂ ಕೌನ್ಸಿಲರುಗಳನ್ನೂ ಕರೆದು ಶಾಲು ಹೊದಿಸಿ, ಹಾರ ಹಾಕಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತವೆ. ಮುಂದಿನ ಸಲ ಶಾಲು ಹೊದಿಸಿದ ಮೇಲೆ ಅವರನ್ನು ಹಾಗೇ ಕಳಿಸಬೇಡಿ. ಈ ಕ್ರಿಸ್ಮಸ್ ರಜೆಯಲ್ಲಿ ನಿಮ್ಮ ವಾರ್ಡಿನ ಎಷ್ಟು ಮಕ್ಕಳಿಗೆ ಎಷ್ಟು ದಿನ ಊಟ ಸಿಗುತ್ತದೆ ಎಂದು ಮೈಕಿನ ಮುಂದೆಯೇ ಕೇಳಿ.