ಯಾವತ್ತು ಬರಲಿ, ಎಷ್ಟು ಗಂಟೆಗೆ?

ಮದುವೆ ಊಟದ ಪಂಕ್ತಿಯಿಂದ ಏಳುತ್ತಾ ನೆಂಟರೊಬ್ಬರು ಹುಡುಗನೊಬ್ಬನಿಗೆ, "ಮನೆ ಕಡೆ ಬಾರಪ್ಪ ಒಂದ್ಸಲ" ಅಂದರು. "ಯಾವತ್ತು ಆಂಟಿ? ಎಷ್ಟು ಗಂಟೆಗೆ?" ಅವನು ಜೇಬಿನಿಂದ ಮೊಬೈಲ್ ತೆಗೆದೇಬಿಟ್ಟ. ಆಂಟಿ ಪೆಚ್ಚಾದರು, ತಾಯಿ ಗದರಿದರು. ಎಂಜಿನಿಯರಿಂಗ್ ಮುಗಿಸಿದ ಹುಡುಗ. ಆಟಿಸಂ ಇದೆ ಎಂದು ಗೊತ್ತಾಗಿದ್ದು ತೀರ ಈಚೆಗೆ. ಆ ಮಾತುಕತೆಯಲ್ಲಿ ಅಂದ ಮಾತಿಗೆ ಅಂದಷ್ಟೇ ಅರ್ಥ ಇಟ್ಟುಕೊಂಡಿದ್ದವನು ಅವನೊಬ್ಬನೇ ಎಂದು ನನಗನ್ನಿಸಿತು.

ಇಂಥವರನ್ನು 'ಹೈ ಫಂಕ್ಷನಿಂಗ್' ಅನ್ನುವುದು ರೂಢಿ. ಮೊದಲು ಆಸ್ಪರ್ಗರ್ ಎಂಬ ಹೆಸರಿತ್ತು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಅದನ್ನು ಕೈಬಿಟ್ಟು ಎಲ್ಲವನ್ನೂ ಆಟಿಸಂ ಸ್ಪೆಕ್ಟ್ರಮ್ ಎಂಬ ಒಂದೇ ಹೆಸರಿನಡಿ ತಂದಿತು. ಹೊಗಳಿಕೆಯಂತೆ ಕೇಳಿಸುವ 'ಹೈ ಫಂಕ್ಷನಿಂಗ್' ಹಣೆಪಟ್ಟಿಯಿಂದ ಪೆಟ್ಟೇ ಹೆಚ್ಚು. "ಇಷ್ಟು ಓದಿದ್ದಾನೆ, ಇಷ್ಟೂ ಗೊತ್ತಾಗಲ್ವಾ?"

ಗೊತ್ತಾಗುವುದಿಲ್ಲ, ಯಾಕೆಂದರೆ ಯಾರೂ ಹೇಳಿಕೊಟ್ಟಿಲ್ಲ. ಕಾಫಿ ಬೇಡ ಅಂದವರನ್ನು ಇನ್ನೊಮ್ಮೆ ಕೇಳಬೇಕು, ಹೊರಡುವಾಗ 'ಹೋಗ್ತೀನಿ' ಅನ್ನದೆ 'ಬರ್ತೀನಿ' ಅನ್ನಬೇಕು ಎಂಬುದೆಲ್ಲ ಉಳಿದವರಿಗೆ ಗಾಳಿಯಲ್ಲೇ ಬಂದ ವಿದ್ಯೆ. ಅವನಿಗೆ ಅದನ್ನು ಬಿಡಿಸಿ ಹೇಳುವುದು ಉಪಕಾರವೇ. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯವೊಂದರಲ್ಲಿ ರೂಪುಗೊಂಡ 'ಪೀರ್ಸ್' ತರಬೇತಿಯಲ್ಲಿ ನನಗೆ ಹಿಡಿಸುವುದು ಇದೇ. ನಡೆಯುತ್ತಿರುವ ಮಾತಿಗೆ ಸೇರುವ ಮೊದಲು ಸ್ವಲ್ಪ ದೂರ ನಿಂತು ಕೇಳು, ಬಿಡುವು ಸಿಕ್ಕಾಗ ಅದೇ ವಿಷಯದ ಮೇಲೆ ಒಂದು ಮಾತು ಆಡು ಎಂದು ಹಂತಹಂತವಾಗಿ ಕಲಿಸುತ್ತಾರೆ. ಅಪ್ಪ ಅಮ್ಮಂದಿರಿಗೂ ಪಾಠವಿರುತ್ತದೆ.

ತಕರಾರಿರುವುದು ನಟನೆಯನ್ನು ಕಲಿಸುವುದರ ಬಗ್ಗೆ. "ಕಣ್ಣಲ್ಲಿ ಕಣ್ಣಿಟ್ಟು ಮಾತಾಡು" ಅನ್ನುತ್ತಾರೆ ಮೇಷ್ಟ್ರು, ಅಜ್ಜಿಯೋ, "ದೊಡ್ಡೋರನ್ನ ಹಾಗೆ ದುರುಗುಟ್ಟಿ ನೋಡ್ತಾರೇನೋ?" ಆಟಿಸಂ ಇರುವ ಅನೇಕರಿಗೆ ಕಣ್ಣು ನೋಡುವುದರಲ್ಲೇ ಶಕ್ತಿಯೆಲ್ಲ ಖರ್ಚಾಗಿ ಮಾತು ಕಿವಿಗೆ ಬೀಳುವುದಿಲ್ಲ. ದಿನವಿಡೀ ಆಫೀಸಿನಲ್ಲಿ 'ಎಲ್ಲರಂತೆ' ಇದ್ದು, ಮನೆಗೆ ಬಂದು ದೀಪ ಆರಿಸಿ ಮಲಗಿಬಿಡುವವರಿದ್ದಾರೆ. ಹೀಗೆ ಮರೆಮಾಚಿ ಬದುಕುವುದಕ್ಕೂ ಆತಂಕ, ಖಿನ್ನತೆಗಳಿಗೂ ನಂಟಿರುವುದನ್ನು ಅಧ್ಯಯನಗಳು ಕಂಡಿವೆ.

ಇನ್ನೊಂದು ಮಗ್ಗುಲೂ ಇದೆ. ಸ್ವತಃ ಆಟಿಸಂ ಇರುವ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ವಾದಿಸಿದ್ದು, ಅರ್ಥವಾಗದಿರುವುದು ಎರಡೂ ಕಡೆಯ ತೊಡಕು ಎಂದು. 2020ರಲ್ಲಿ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು ಒಬ್ಬರಿಂದೊಬ್ಬರಿಗೆ ಕಥೆ ದಾಟಿಸುವ ಪ್ರಯೋಗ ಮಾಡಿದರು. ಆಟಿಸಂ ಇರುವವರೇ ತುಂಬಿದ್ದ ಸಾಲಿನಲ್ಲೂ ಕಥೆ ಇತರರ ಸಾಲಿನಷ್ಟೇ ಚೆನ್ನಾಗಿ ದಾಟಿತು. ಅಂದಮೇಲೆ ಪಾಠ ಅವನೊಬ್ಬನಿಗೇ ಯಾಕೆ? 'ಬೇಗ ಮುಗಿಸಿ' ಅನ್ನುವ ಮ್ಯಾನೇಜರು 'ಗುರುವಾರ ಮಧ್ಯಾಹ್ನದೊಳಗೆ' ಅಂದರೆ ಅವರ ಗಂಟೇನೂ ಹೋಗುವುದಿಲ್ಲ. ಆಫೀಸಿನ ಉಳಿದವರಿಗೂ ಅನುಕೂಲವೇ.

ಆ ತಾಯಿ ಈಗ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಅದರಲ್ಲೊಂದು ಸಾಲು: ದಿನ ಹೇಳದೆ 'ಬಾ' ಅಂದರೆ ಕರೆದ ಹಾಗಲ್ಲ. ಅದನ್ನು ಓದಿ ಮಗ ಕೇಳಿದನಂತೆ, "ಹಾಗಾದ್ರೆ ಯಾಕಮ್ಮ ಹೇಳ್ತಾರೆ?" ಅವರು ಅದನ್ನೂ ಕೆಳಗೆ ಬರೆದುಕೊಂಡಿದ್ದಾರೆ, ಉತ್ತರಕ್ಕೆ ಜಾಗ ಬಿಟ್ಟು.