ಕಾಳಿಗೆ ಕಲ್ಲು ನಿಲ್ಲಿಸಿದವನದೂ ಶೋಕಿಯೇ?

ಸತ್ತ ನಾಯಿಗೆ ಅಳುವುದು ಪೇಟೆಯವರ ಹೊಸ ಶೋಕಿಯಂತೆ. ಹೀಗೆಂದು ಲೇಖನ ಬರೆದವರು ಬಳ್ಳಾರಿಯ ಬಡಾವಣೆ ದಾಟಿ ಸಿರುಗುಪ್ಪದ ಗದ್ದೆಬದುವಿಗೋ ಕುರುಗೋಡಿನ ಕುರಿಹಟ್ಟಿಗೋ ಬಂದಂತಿಲ್ಲ. ರಾತ್ರಿಯಿಡೀ ಮಂದೆ ಕಾದ ನಾಯಿಯನ್ನು ಯಾವ ಕುರಿಗಾರ ತಿಪ್ಪೆಗೆ ಎಸೆದಾನು?

ಹೊಸದೆಂಬ ಮಾತಂತೂ ಶುದ್ಧ ತಪ್ಪು. ಮಂಡ್ಯ ಜಿಲ್ಲೆಯ ಆತಕೂರು ಶಾಸನ ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗ ದೊರೆ ಬೂತುಗ ಮೆಚ್ಚು ಕೊಡಲು ಬಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿ ದೊಡ್ಡ ಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ಮಣಲೇರ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ, ಕಲ್ಲನ್ನು ಪೂಜಿಸದೆ ಉಂಡ ಪೂಜಾರಿಗೆ ಪಾಪ ತಟ್ಟುತ್ತದೆಂದೂ ಬರೆಸಿದ. (ಪೂಜಾರಿಯ ಮುಖ ನೋಡಬೇಕಿತ್ತು!) ಯುದ್ಧ ಗೆದ್ದವನ ದುಃಖವಿದು, ಕೆಲಸವಿಲ್ಲದವನದಲ್ಲ.

ಲೇಖಕರ ಒಂದು ಮಾತು ಒಪ್ಪುತ್ತೇನೆ: ಮರುದಿನವೇ ಹೊಸ ಮರಿ ತರುವುದು ಸತ್ತದ್ದಕ್ಕೂ ಬಂದದ್ದಕ್ಕೂ ಅನ್ಯಾಯ. ಆದರೆ ನಾಯಿ ಸತ್ತಿತೆಂದು ಉಣ್ಣದೆ ಕೂತ ಮಗುವಿಗೆ ‘ನಾಯಿ ತಾನೆ, ಬಿಡು’ ಎನ್ನಬೇಡಿ. ಹೆಸರು ಹಿಡಿದು ಅಳಲಿ. ನಾಯಿಯನ್ನು ಹೂಳುವ ಗುಂಡಿಗೆ ಮಗುವೂ ಒಂದು ಹಿಡಿ ಮಣ್ಣು ಹಾಕಲಿ. ಹಿತ್ತಲೇ ಇಲ್ಲದ ಬಳ್ಳಾರಿಯ ಬಾಡಿಗೆಮನೆಯವರು ಆ ಗುಂಡಿಯನ್ನು ಎಲ್ಲಿ ತೋಡಬೇಕು? ಲೇಖಕರು ಕೇಳಬೇಕಿದ್ದ ಪ್ರಶ್ನೆ ಅದು.